ಕಾಫಿ ಒಲ್ಲದ ಎಲ್ಡರ್‌ಗಳು

ಬಿಳಿ ಅಂಗಿ, ಟೈ, ಎದೆಯ ಮೇಲೊಂದು ಕಪ್ಪು ಪಟ್ಟಿ. ಸಿನಿಮಾ ಇಲ್ಲ, ಬೈಕ್ ಇಲ್ಲ, ಚಹಾ ಇಲ್ಲ, ಒಂದು ಗಳಿಗೆಯ ಏಕಾಂತವೂ ಇಲ್ಲ. ಮೀಸೆ ಚಿಗುರುವ ವಯಸ್ಸಿನ ಹುಡುಗರು ಎರಡು ವರ್ಷ ಹೀಗೆ ಬದುಕಲು ಒಪ್ಪುವುದಾದರೂ ಏಕೆ? ಪುಣೆಯ ಬೀದಿಯಲ್ಲಿ ಮಾರ್ಮನ್ ಮಿಷನರಿಗಳ ಬೆನ್ನು ಹತ್ತಿದಾಗ ಕಂಡದ್ದು ಇಲ್ಲಿದೆ.

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಮಳೆ ಹಿಡಿಯಿತೆಂದರೆ ವೈಶಾಲಿ ಹೋಟೆಲಿನ ಮುಂದಿನ ಸರದಿ ಇನ್ನಷ್ಟು ಉದ್ದವಾಗುತ್ತದೆ. ನಮ್ಮ ಕರಾವಳಿಯಿಂದ ಹೋದ ಜಗನ್ನಾಥ ಶೆಟ್ಟರು ಬೆಳೆಸಿದ ಹೋಟೆಲು ಅದು. ಜನಜಂಗುಳಿಯ ಹೊತ್ತಿನಲ್ಲಿ ಮೇಜು ಸಿಕ್ಕಿತೆಂದು ಹಿಗ್ಗಬೇಡಿ, ಎದುರಿನ ಕುರ್ಚಿಗೆ ಯಾರಾದರೂ ಬಂದೇ ಬರುತ್ತಾರೆ.

ಅವತ್ತು ಬಂದವರು ಇಬ್ಬರು ಹುಡುಗರು. ಅರೆತೋಳಿನ ಬಿಳಿ ಅಂಗಿ, ಒದ್ದೆಯಾದ ಟೈ, ಕೆಸರು ಮೆತ್ತಿದ ಕಪ್ಪು ಬೂಟು. ವಿಮೆ ಕಂಪನಿಯ ಹೊಸ ನೌಕರರಿರಬೇಕು ಅಂದುಕೊಂಡೆ. ಮಸಾಲೆ ದೋಸೆ ಮುಗಿಯಿತು. ಸರ್ವರ್ ತಾನಾಗಿಯೇ ಕೇಳಿದ: "ಎರಡು ಕಾಫಿ?"

"ಬೇಡಣ್ಣ, ಬಿಸಿನೀರು ಕೊಡಿ."

"ಹಾಗಾದ್ರೆ ಚಹಾ?"

"ಅದೂ ಬೇಡ."

ಸರ್ವರ್‌ಗೆ ನಂಬಿಕೆ ಬರಲಿಲ್ಲ. "ಯಾಕೆ, ಹುಷಾರಿಲ್ವಾ?" ಎಂದು ಅಪ್ಪಟ ಕುಂದಾಪುರದ ಕಾಳಜಿಯಲ್ಲಿ ವಿಚಾರಿಸಿದ. ಹುಡುಗ ನಕ್ಕ. ಅವನ ಕನ್ನಡ ಬೆಂಗಳೂರಿನದು. ಜೊತೆಯವನು ಆಂಧ್ರದವನು, ಎರಡನ್ನೂ ಅರ್ಥ ಮಾಡಿಕೊಂಡವನ ಹಾಗೆ ತಲೆಯಾಡಿಸುತ್ತಿದ್ದ. ಆಗಷ್ಟೇ ನನ್ನ ಕಣ್ಣು ಅವರ ಜೇಬಿನ ಮೇಲಿದ್ದ ಕಪ್ಪು ಪಟ್ಟಿಗೆ ಬಿತ್ತು. ಬಿಳಿ ಅಕ್ಷರದಲ್ಲಿ ಮೊದಲು ‘ಎಲ್ಡರ್’, ಆಮೇಲೆ ಮನೆತನದ ಹೆಸರು, ಕೆಳಗೆ ಸಭೆಯ ಉದ್ದನೆಯ ಹೆಸರು: ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಲೋಕ ಇವರನ್ನು ಮಾರ್ಮನ್ನರು ಎಂದು ಕರೆಯುತ್ತದೆ. ಆ ಹೆಸರು ಬೇಡವೆಂದು ಸಭೆಯ ಆಗಿನ ಮುಖ್ಯಸ್ಥ ರಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡಿದ್ದರು. ಜನ ಮಾತ್ರ ಚಿಕ್ಕ ಹೆಸರನ್ನು ಬಿಡಲು ತಯಾರಿಲ್ಲ.

ಬೆಂಗಳೂರಿನವರಿಗೆ ಈ ಸಭೆಯ ಬಗ್ಗೆ ಈಚೆಗೆ ಕುತೂಹಲ ಹುಟ್ಟಿದ್ದರೆ ಅದಕ್ಕೆ ಕಾರಣ ವೈಟ್‌ಫೀಲ್ಡ್ ದಾರಿಯಲ್ಲಿ ಕಟ್ಟಲು ಹಿಡಿದ ಮಂದಿರ. ಭಾರತದಲ್ಲಿ ಅವರ ಮೊದಲ ಮಂದಿರ ಅದು. 2018ರ ಏಪ್ರಿಲ್‌ನಲ್ಲಿ ಘೋಷಣೆಯಾಯಿತು. ಅದೇ ತಿಂಗಳು ತೊಂಬತ್ತು ದಾಟಿದ ನೆಲ್ಸನ್ ಸ್ವತಃ ಬೆಂಗಳೂರಿಗೆ ಬಂದು ಹೋದರು. ಕೋವಿಡ್‌ ನಡುವೆಯೇ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಗೆ ಸಮಾನವಾದ ಶಾಸ್ತ್ರ ನಡೆಯಿತು. ಆದರೆ ಈ ಧರ್ಮದ ನಿಜವಾದ ಜಾಹೀರಾತು ಕಟ್ಟಡಗಳಲ್ಲ. ಜಗತ್ತಿನಾದ್ಯಂತ ಜೋಡಿಜೋಡಿಯಾಗಿ ತಿರುಗುವ 70 ಸಾವಿರಕ್ಕೂ ಹೆಚ್ಚು ಹುಡುಗ-ಹುಡುಗಿಯರು. ಅವರಲ್ಲಿ ಇಬ್ಬರು ನನ್ನೆದುರು ಬಿಸಿನೀರು ಊದುತ್ತಾ ಕುಳಿತಿದ್ದರು.

ಆರೂವರೆಯ ಅಲಾರಂ

ದಿನ ಶುರುವಾಗುವುದು ಬೆಳಿಗ್ಗೆ ಆರೂವರೆಗೆ. ಎದ್ದ ಕೂಡಲೇ ಮಂಡಿಯೂರಿ ಪ್ರಾರ್ಥನೆ. ಆಮೇಲೆ ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ನಂತರ ಓದು: ಬೈಬಲ್, ಮಾರ್ಮನ್ ಗ್ರಂಥ, ಹೊಸ ಭಾಷೆ. ಹತ್ತರ ಹೊತ್ತಿಗೆ ಬೀದಿಗಿಳಿಯಬೇಕು. ರಾತ್ರಿ ಒಂಬತ್ತು, ತಡವೆಂದರೆ ಒಂಬತ್ತೂವರೆಗೆ ಕೋಣೆ ಸೇರಿ, ನಾಳೆಯ ಲೆಕ್ಕ ಬರೆದು, ಹತ್ತೂವರೆಗೆ ದೀಪ ಆರಿಸಬೇಕು. ಈಚಿನ ವರ್ಷಗಳಲ್ಲಿ ಊರಿನ ರೀತಿಗೆ ತಕ್ಕಂತೆ ಸ್ವಲ್ಪ ಹಿಂದುಮುಂದು ಮಾಡಿಕೊಳ್ಳಲು ಬಿಟ್ಟಿದ್ದಾರೆ. ಸಭೆಯ ಕೇಂದ್ರವಾದ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಕುಳಿತು ಮಾಡಿದ ವೇಳಾಪಟ್ಟಿ, ರಾತ್ರಿ ಒಂಬತ್ತರ ಮೇಲೆ ಊಟಕ್ಕೆ ಕೂರುವ ನಮ್ಮ ಮನೆಗಳಿಗೆ ಹೊಂದುವುದು ಕಷ್ಟವೇ.

ಪುಣೆಯಲ್ಲಿ ಸ್ಕೂಟರ್ ಇಲ್ಲದ ಮನುಷ್ಯನನ್ನು ಹುಡುಕಬೇಕು. ಮಿಷನರಿಗಳು ಬೈಕ್ ಓಡಿಸುವಂತಿಲ್ಲ. ಬಸ್ಸು, ಆಟೊ, ಹೆಚ್ಚಾಗಿ ನಡಿಗೆ. ಟೀವಿ ಇಲ್ಲ, ಸಿನಿಮಾ ಇಲ್ಲ, ಕಾದಂಬರಿ ಇಲ್ಲ, ಪ್ರೇಮ ಪ್ರಸಂಗ ಇಲ್ಲವೇ ಇಲ್ಲ. ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆ, ಆದರೆ ಅದು ಕೆಲಸಕ್ಕೆ. ಮನೆಗೆ ಮಾತಾಡಲು 2019ರವರೆಗೆ ವರ್ಷಕ್ಕೆ ಎರಡೇ ದಿನ ಅವಕಾಶವಿತ್ತು, ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. ಆ ವರ್ಷದ ಫೆಬ್ರುವರಿಯಿಂದ ವಾರಕ್ಕೊಮ್ಮೆ ವಿಡಿಯೊ ಕರೆ ಮಾಡಬಹುದು. "ಅಮ್ಮಂಗೋಸ್ಕರವೇ ಆ ರೂಲ್ ಬದಲಾಯ್ತು ಅನ್ಸತ್ತೆ ಸರ್" ಎಂದ ಬೆಂಗಳೂರಿನ ಹುಡುಗ.

ವಾರದಲ್ಲಿ ಒಂದು ದಿನ, ಸಾಮಾನ್ಯವಾಗಿ ಸೋಮವಾರ, ‘ಪಿ-ಡೇ’. ಸಿದ್ಧತೆಯ ದಿನ. ಬಟ್ಟೆ ಒಗೆಯುವುದು, ಕ್ಷೌರ, ದಿನಸಿ, ಸಂಜೆವರೆಗೂ ಕ್ರಿಕೆಟ್ಟು. ಮಳೆಗಾಲದ ಪುಣೆಯಲ್ಲಿ ಬಿಳಿ ಅಂಗಿ ಒಗೆಯುವುದೆಂದರೆ ತಪಸ್ಸು. ಬಕೆಟ್ಟಿನ ನೀರಿಗೆ ನಾಲ್ಕು ಹನಿ ಉಜಾಲ, ಕಾಲರಿನ ಒಳಗಿನ ಕಂದು ಗೆರೆಗೆ ಬ್ರಷ್ಷು, ಆಮೇಲೆ ಕಿಟಕಿಯ ಸರಳಿನಿಂದ ಫ್ಯಾನಿನವರೆಗೆ ಹಗ್ಗ. ಎರಡು ದಿನವಾದರೂ ತೋಳಿನ ಹೊಲಿಗೆ ಒಣಗುವುದಿಲ್ಲ. ಹಸಿ ವಾಸನೆ ಹೋಗಲೆಂದು ಇಸ್ತ್ರಿಪೆಟ್ಟಿಗೆ ಒತ್ತಿ ಒತ್ತಿ ಕಾಲರಿನ ತುದಿ ಹಳದಿಗೆ ತಿರುಗಿರುತ್ತದೆ. ಅವನ ಅಂಗಿಯಲ್ಲಿ ಅದು ಕಾಣುತ್ತಿತ್ತು. ಟೈ ಗಂಟನ್ನು ಸ್ವಲ್ಪ ಅಗಲ ಮಾಡಿ ಮುಚ್ಚಿಕೊಂಡಿದ್ದ.

ಬಾಕ್ಸ್: ಏನು ಕುಡಿಯಬಹುದು?
*1833ರಲ್ಲಿ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಪ್ರಕಟಿಸಿದ ಆರೋಗ್ಯ ನಿಯಮದಂತೆ ಮದ್ಯ, ತಂಬಾಕು, ‘ಬಿಸಿ ಪಾನೀಯ’ ನಿಷಿದ್ಧ. ಬಿಸಿ ಪಾನೀಯವೆಂದರೆ ಚಹಾ ಮತ್ತು ಕಾಫಿ ಎಂಬ ಅರ್ಥ ನಂತರ ಗಟ್ಟಿಯಾಯಿತು. ಹಾಗಾಗಿ ಕೋಲ್ಡ್ ಕಾಫಿಯೂ ಇಲ್ಲ. ಬಾದಾಮಿ ಹಾಲು, ಹಾರ್ಲಿಕ್ಸ್, ಬಿಸಿ ಚಾಕೊಲೇಟ್ ನಡೆಯುತ್ತದೆ. ನಮ್ಮ ಕೊತ್ತಂಬರಿ-ಜೀರಿಗೆ ಕಷಾಯಕ್ಕೂ ಅಡ್ಡಿಯಿಲ್ಲ. ಮಾಂಸಾಹಾರ ನಿಷಿದ್ಧವಲ್ಲ, ಮಿತವಾಗಿರಲಿ ಎಂಬ ಸಲಹೆ ಮಾತ್ರ. ಪ್ರಭುಭೋಜನದಲ್ಲೂ ದ್ರಾಕ್ಷಾರಸದ ಬದಲು ರೊಟ್ಟಿಯ ಜೊತೆ ನೀರು.*

ಈ ನಿಯಮ ಅಮೆರಿಕದಲ್ಲಿ ಬರಿಯ ಪಥ್ಯ. ನಮ್ಮಲ್ಲಿ ಅದು ಸಾಮಾಜಿಕ ಬಿಕ್ಕಟ್ಟು. ಹಾದಿಗೊಂದು ಅಮೃತತುಲ್ಯ ಚಹಾದಂಗಡಿ, ಮೂಲೆಗೊಂದು ಇರಾನಿ ಹೋಟೆಲು ಇರುವ ಪುಣೆಯಲ್ಲಿ ಯಾರ ಮನೆಗೆ ಹೋದರೂ ಮೊದಲು ಬರುವುದು ಚಹಾ. ಮನೆಯಾಕೆ ಲೋಟ ತಂದಿಟ್ಟಾಗಿದೆ, ಶುಂಠಿ ಹಾಕಿ ಕುದಿಸಿದ್ದಾಳೆ, ಆಗ ಬೇಡವೆನ್ನುವುದು ಹೇಗೆ? ಜಾತಿ ನೋಡಿ ನೀರು ಮುಟ್ಟದವರ ನೆನಪು ಇನ್ನೂ ಹಸಿಯಾಗಿರುವ ದೇಶ ಇದು. ಚಹಾ ನಿರಾಕರಿಸಿದರೆ ಮನೆಯವರನ್ನೇ ನಿರಾಕರಿಸಿದಂತೆ ಕೇಳಿಸುತ್ತದೆ. ಹುಡುಗರು ಕಂಡುಕೊಂಡ ಉಪಾಯ ಸರಳ: ಒಳಗೆ ಕಾಲಿಡುವ ಮೊದಲೇ "ಆಂಟಿ, ತುಂಬಾ ಬಾಯಾರಿಕೆ, ನೀರು ಕೊಡ್ತೀರಾ" ಎಂದು ಕೇಳಿಬಿಡುವುದು.

ಜೊತೆಗಾರನೆಂಬ ಪರೀಕ್ಷೆ

ಸಿನಿಮಾ ಬಿಡಬಹುದು, ಕಾಫಿ ಬಿಡಬಹುದು. ಈ ಬದುಕಿನ ನಿಜವಾದ ಕಷ್ಟ ‘ಕಂಪ್ಯಾನಿಯನ್’. ಮಿಷನರಿ ಎಂದೂ ಒಬ್ಬನೇ ಇರುವಂತಿಲ್ಲ. ಬಚ್ಚಲುಮನೆ ಬಿಟ್ಟರೆ ಮಿಕ್ಕೆಲ್ಲ ಕಡೆ ಜೊತೆಗಾರನ ಕಣ್ಣಳತೆಯಲ್ಲಿ, ಮಾತು ಕೇಳುವಷ್ಟು ದೂರದಲ್ಲಿರಬೇಕು. ಮಲಗುವುದು ಒಂದೇ ಕೋಣೆ, ಬೇರೆ ಮಂಚ. ಜೊತೆ ಯಾರೆಂದು ಆರಿಸಿಕೊಳ್ಳುವ ಹಕ್ಕಿಲ್ಲ, ಮಿಷನ್‌ನ ಅಧ್ಯಕ್ಷರು ಹೇಳಿದವರ ಜೊತೆ ಬಾಳಬೇಕು. ಸುಮಾರು ಆರು ವಾರಕ್ಕೊಮ್ಮೆ ‘ಟ್ರಾನ್ಸ್‌ಫರ್’ ಪಟ್ಟಿ ಬರುತ್ತದೆ. ಅದರಲ್ಲಿ ಹೆಸರಿಲ್ಲದಿದ್ದರೆ ಅದೇ ಗೊರಕೆ ಇನ್ನೂ ಆರು ವಾರ.

ವಾರಕ್ಕೊಮ್ಮೆ ಇಬ್ಬರೂ ಎದುರುಬದುರು ಕುಳಿತು ಒಬ್ಬರ ಕೊರತೆ ಇನ್ನೊಬ್ಬರು ಹೇಳಬೇಕೆಂಬ ಪದ್ಧತಿಯೂ ಇದೆ. ಪ್ರಾರ್ಥನೆಯಿಂದ ಆರಂಭ, ಪ್ರಾರ್ಥನೆಯಿಂದಲೇ ಮುಕ್ತಾಯ. ನಡುವೆ ಏನೇನಿರುತ್ತದೆ ಎಂದು ಕೇಳಿದೆ.

"ಇವನು ಅನ್ನಕ್ಕೆ ನೀರು ಜಾಸ್ತಿ ಹಾಕ್ತಾನೆ ಸರ್. ಮೂರು ವಾರ ಹೇಳಿದ್ದೀನಿ."

ಆಂಧ್ರದ ಹುಡುಗನಿಗೆ ಕನ್ನಡ ಬಾರದು, ಆದರೆ ‘ಅನ್ನ’ ‘ನೀರು’ ಸಾಕಾಯಿತು. "ಇವನು ಜನರ ಹತ್ತಿರ ಮಾತಾಡುವಾಗ ನನಗೆ ಬಾಯಿ ತೆರೆಯಲು ಬಿಡುವುದಿಲ್ಲ" ಎಂದು ಹಿಂದಿಯಲ್ಲಿ ತಿರುಗೇಟು ಕೊಟ್ಟ. ಎರಡನೆಯದು ಅನ್ನದಷ್ಟು ಹಗುರವಾದ ದೂರಲ್ಲ. ಬೆಂಗಳೂರಿನವನ ಮುಖ ಸ್ವಲ್ಪ ಬಾಡಿತು, "ಹೌದು, ಅದು ನಿಜ" ಎಂದ. ನನ್ನ ಪರಿಚಯದ ಎಷ್ಟೋ ದಾಂಪತ್ಯಗಳಲ್ಲಿ ಇಪ್ಪತ್ತು ವರ್ಷಕ್ಕೂ ಬಾರದ ಮಾತು ಇದು.

ಹೆಸರು ಹಿಡಿದು ಕರೆಯುವಂತಿಲ್ಲ. ಹುಡುಗರು ‘ಎಲ್ಡರ್’, ಹುಡುಗಿಯರು ‘ಸಿಸ್ಟರ್’. 2012ರಲ್ಲಿ ಕನಿಷ್ಠ ವಯಸ್ಸನ್ನು ಹುಡುಗರಿಗೆ 19ರಿಂದ 18ಕ್ಕೆ, ಹುಡುಗಿಯರಿಗೆ 21ರಿಂದ 19ಕ್ಕೆ ಇಳಿಸಿದಾಗ ಹುಡುಗಿಯರ ಸಂಖ್ಯೆ ಏಕಾಏಕಿ ಏರಿತು. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18. ಹುಡುಗರಿಗೆ ಅದು ಕರ್ತವ್ಯ, ಹುಡುಗಿಯರಿಗೆ ಐಚ್ಛಿಕ. ಸಂಬಳವಿಲ್ಲ. ಖರ್ಚನ್ನು ಮನೆಯವರೋ ತಾವೋ ಭರಿಸಬೇಕು, ಅನುಕೂಲವಿಲ್ಲದವರಿಗೆ ಸಭೆಯ ನೆರವುಂಟು.

ಭೋರ್ ಘಾಟ್ ಹತ್ತಿದ ಸ್ಕಾಟಿಷ್ ಬೋಧಕ

ಈ ಹುಡುಗರಿಗೆ ಪುಣೆಯಲ್ಲಿ ಒಬ್ಬ ಪೂರ್ವಿಕನಿದ್ದಾನೆ. 1852ರ ಸೆಪ್ಟೆಂಬರ್‌ನಲ್ಲಿ ಹ್ಯೂ ಫಿಂಡ್ಲೆ ಎಂಬ ಸ್ಕಾಟ್ಲೆಂಡಿನ ಮಾರ್ಮನ್ ಬೊಂಬಾಯಿಗೆ ಒಬ್ಬನೇ ಬಂದಿಳಿದ. ಅಲ್ಲಿಂದ ಪುಣೆಗೆ. ರೈಲು ಇನ್ನೂ ಪುಣೆ ಮುಟ್ಟಿರಲಿಲ್ಲ, ಅದು ಬಂದದ್ದು 1858ರಲ್ಲಿ. ಭೋರ್ ಘಾಟನ್ನು ರಸ್ತೆಯಲ್ಲೇ ಹತ್ತಬೇಕಿತ್ತು.

ಅವನ ಗುರಿ ಪುಣೆಯ ದಂಡುಪ್ರದೇಶ. ಅಲ್ಲಿನ ಬ್ರಿಟಿಷ್ ಸಿಪಾಯಿಗಳು, ಅವರ ಕುಟುಂಬಗಳು. ಆದರೆ ದಂಡಿನೊಳಗೆ ಇರಲು, ಬೋಧಿಸಲು ಸೇನಾಧಿಕಾರಿಗಳು ಅವನಿಗೆ ಅವಕಾಶ ಕೊಡಲಿಲ್ಲ. ಪಾದ್ರಿಗಳು, ಪತ್ರಿಕೆಗಳು ಮುಗಿಬಿದ್ದವು. ಅವನು ಹಿಂದೂಗಳ ಪೇಟೆಯತ್ತ ಸರಿದ, ಮರಾಠಿ ಕಲಿಯಲು ಕುಳಿತ, ವಾದಕ್ಕೆ ಪ್ರತಿವಾದವಾಗಿ ಕಿರುಹೊತ್ತಗೆಗಳನ್ನು ಅಚ್ಚು ಹಾಕಿಸಿದ. ಯುರೋಪಿಯನ್ನರು, ಯುರೇಷಿಯನ್ನರು, ಸ್ಥಳೀಯರು ಎಲ್ಲ ಸೇರಿ ಹತ್ತು-ಹನ್ನೆರಡು ಮಂದಿಯ ಪುಟ್ಟ ಸಭೆಯೊಂದು ಕೂಡಿತು. ಆ ಹೊತ್ತಿಗೆ ಅದೇ ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದು ನಾಲ್ಕೈದು ವರ್ಷವಾಗಿತ್ತು. ಊರು ಕುದಿಯುತ್ತಿದ್ದದ್ದು ಬೇರೆಯೇ ಪ್ರಶ್ನೆಗಳಿಂದ. ಸ್ಕಾಟಿಷ್ ಬೋಧಕನ ಉತ್ತರ ಅದಕ್ಕೆ ಬೇಕಿರಲಿಲ್ಲ.

1853ರ ಏಪ್ರಿಲ್‌ನಲ್ಲಿ, ಬೊಂಬಾಯಿ-ಠಾಣೆ ನಡುವೆ ಮೊದಲ ರೈಲು ಓಡಿದ ತಿಂಗಳಲ್ಲೇ, ಅಮೆರಿಕದಿಂದ ‘ಮಾನ್ಸೂನ್’ ಎಂಬ ಹಡಗಿನಲ್ಲಿ ಹದಿಮೂರು ಮಾರ್ಮನ್ ಬೋಧಕರು ಕಲ್ಕತ್ತೆಗೆ ಬಂದರು. ಒಂಬತ್ತು ಮಂದಿ ಭಾರತಕ್ಕೆ, ನಾಲ್ವರು ಸಯಾಮಿಗೆ. ಕೈಯಲ್ಲಿ ಕಾಸಿಲ್ಲ, ಹೆಗಲಲ್ಲಿ ಜೋಳಿಗೆಯಿಲ್ಲ, ದೇವರು ಕೊಟ್ಟಲ್ಲಿ ಊಟ. ನಮ್ಮ ಜಂಗಮರಿಗೂ ದಾಸರಿಗೂ ಇದು ಹೊಸದಲ್ಲ. ಆದರೆ ಅವರಿಗೆ ಭಿಕ್ಷೆ ಹಾಕುವ ಮನೆಗಳು ಊರೂರಲ್ಲಿದ್ದವು. ಇವರಿಗೆ ಅನ್ನ ಹಾಕಬೇಕಿದ್ದ ಬಿಳಿಯರು ಬಾಗಿಲು ಮುಚ್ಚಿಕೊಂಡರು.

ಜೊತೆಗೆ ಇನ್ನೊಂದು ಏಟು. ಅವರು ಹೊರಡುವ ಮುನ್ನ, 1852ರ ಆಗಸ್ಟ್‌ನಲ್ಲಿ, ಸಾಲ್ಟ್ ಲೇಕ್ ಸಿಟಿಯಲ್ಲಿ ಸಭೆ ಬಹುಪತ್ನಿತ್ವವನ್ನು ಬಹಿರಂಗವಾಗಿ ಒಪ್ಪಿಕೊಂಡಿತ್ತು. ಸುದ್ದಿ ಭಾರತದ ಇಂಗ್ಲಿಷ್ ಪತ್ರಿಕೆಗಳನ್ನು ಮುಟ್ಟಿದ ಮೇಲೆ ಸಭ್ಯ ಮನೆಗಳಲ್ಲಿ ಅವರಿಗೆ ಕುರ್ಚಿಯೂ ಸಿಗಲಿಲ್ಲ. ಕಲ್ಕತ್ತೆಯ ಸುತ್ತ ಅದಕ್ಕೆ ಮೊದಲು ದೀಕ್ಷಾಸ್ನಾನ ಪಡೆದಿದ್ದ ನೂರಕ್ಕೂ ಹೆಚ್ಚು ರೈತರು, ಕೆಲಸವೂ ಕಾಸೂ ಸಿಗದೆಂದು ಖಾತ್ರಿಯಾದ ಮೇಲೆ ದೂರವಾಗಿದ್ದರು. ಫಿಂಡ್ಲೆ 1855ರಲ್ಲಿ ಹಡಗು ಹತ್ತಿದ. ಕೊನೆಯವನಾಗಿ ರಾಬರ್ಟ್ ಸ್ಕೆಲ್ಟನ್ 1856ರಲ್ಲಿ ಹೊರಟ. ಅಲ್ಲಿಗೆ ಬಹುಕಾಲದ ಮೌನ.

ಅದೇ 1853ರಲ್ಲಿ ನಮ್ಮ ಕರಾವಳಿಗೆ ಇಪ್ಪತ್ತೊಂದರ ಇನ್ನೊಬ್ಬ ಹುಡುಗ ಬಂದಿಳಿದಿದ್ದ: ಫರ್ಡಿನೆಂಡ್ ಕಿಟೆಲ್. ಅವನು ಬಾಸೆಲ್ ಮಿಷನ್ನಿನವನು. ಬದುಕಿನ ಬಹುಪಾಲನ್ನು ಕನ್ನಡಕ್ಕೆ ಸುರಿದ, 1894ರಲ್ಲಿ ನಿಘಂಟು ಕೊಟ್ಟ. ಮಿಷನರಿ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಅಂಥ ಗಡ್ಡದ ಪಂಡಿತ. ಊರಿನಲ್ಲಿ ಬೇರು ಬಿಟ್ಟವನು. ಮಾರ್ಮನ್ ಮಿಷನರಿ ಅದಕ್ಕೆ ತದ್ವಿರುದ್ಧ. ಅವನಿಗೆ ಬೇರು ಬಿಡುವ ಅವಕಾಶವೇ ಇಲ್ಲ. ಪುಣೆಯ ಗಲ್ಲಿಗಳು ಪರಿಚಯವಾಗಿ, ನಾಲ್ಕು ವಾಕ್ಯ ಮರಾಠಿ ನಾಲಿಗೆಗೆ ಹತ್ತುವಷ್ಟರಲ್ಲಿ ವರ್ಗಾವಣೆ. ಪಾಂಡಿತ್ಯವೂ ಇಲ್ಲ, ನಿಘಂಟೂ ಇಲ್ಲ. ಈ ಇಡೀ ಏರ್ಪಾಟು ಊರಿಗಿಂತ ಹೆಚ್ಚಾಗಿ ಹುಡುಗನನ್ನು ತಿದ್ದಲು ಹೂಡಿದ್ದು ಎಂದೇ ನನಗೆ ಅನ್ನಿಸುತ್ತದೆ. ಬರ್ಮಾದಲ್ಲಿ ಹುಡುಗರು ಕೆಲ ದಿನವಾದರೂ ಚೀವರ ತೊಟ್ಟು ವಿಹಾರದಲ್ಲಿದ್ದು ಮರಳುವ ರೂಢಿಯಿದೆಯಲ್ಲ, ಅದರ ಜಾಡು ಇದು. ಎದುರಿನವನು ಮತ ಬದಲಿಸಿದನೋ ಇಲ್ಲವೋ, ಬೋಧಿಸುವವನ ನಂಬಿಕೆ ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಗಟ್ಟಿಯಾಗುತ್ತದೆ.

ನಂಬುವುದಾದರೂ ಏನನ್ನು?

1820ರಲ್ಲಿ ನ್ಯೂಯಾರ್ಕ್ ಸೀಮೆಯ ಒಂದು ತೋಪಿನಲ್ಲಿ ಹದಿನಾಲ್ಕರ ರೈತಹುಡುಗ ಜೋಸೆಫ್ ಸ್ಮಿತ್‌ಗೆ ದೇವರೂ ಯೇಸುವೂ ಪ್ರತ್ಯಕ್ಷರಾದರು, ಈಗಿರುವ ಯಾವ ಪಂಗಡವನ್ನೂ ಸೇರಬೇಡ ಎಂದರು: ಇದು ಮೊದಲ ನಂಬಿಕೆ. ದೇವದೂತ ತೋರಿಸಿದ ಚಿನ್ನದ ತಗಡುಗಳನ್ನು ದೈವಬಲದಿಂದ ಅನುವಾದಿಸಿ ಅವನು 1830ರಲ್ಲಿ ಮಾರ್ಮನ್ ಗ್ರಂಥ ಪ್ರಕಟಿಸಿದನೆಂಬುದು ಎರಡನೆಯದು. ಕ್ರಿಸ್ತಪೂರ್ವ 600ರ ಹೊತ್ತಿಗೆ ಜೆರುಸಲೇಮ್ ಬಿಟ್ಟು ಅಮೆರಿಕ ಸೇರಿದ ಒಂದು ಮನೆತನದ ಕಥೆ ಅದು. ಇತಿಹಾಸಕಾರರು, ಪುರಾತತ್ವಜ್ಞರು ಇದನ್ನು ಒಪ್ಪುವುದಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರೆಂಬ ತ್ರಿತ್ವವನ್ನು ಕುರಿತ ಇವರ ನಿಲುವಿನಿಂದಾಗಿ ಬೇರೆ ಕ್ರೈಸ್ತ ಪಂಗಡಗಳಲ್ಲಿ ಅನೇಕರು ಇವರನ್ನು ಕ್ರೈಸ್ತರೆಂದೇ ಎಣಿಸುವುದಿಲ್ಲ.

ಸ್ಮಿತ್‌ನನ್ನು 1844ರಲ್ಲಿ ಇಲಿನಾಯ್ಸ್‌ನ ಸೆರೆಮನೆಗೆ ನುಗ್ಗಿದ ಗುಂಪು ಕೊಂದಿತು. ಬ್ರಿಗಮ್ ಯಂಗ್ ಅನುಯಾಯಿಗಳನ್ನು ಕರೆದುಕೊಂಡು 1847ರಲ್ಲಿ ಸಾಲ್ಟ್ ಲೇಕ್ ಕಣಿವೆ ಸೇರಿದ. ಬಹುಪತ್ನಿತ್ವವನ್ನು ಕೈಬಿಡುವುದಾಗಿ ಸಭೆ ಸಾರಿದ್ದು 1890ರಲ್ಲಿ. ಕರಿಯರಿಗೆ ಪುರೋಹಿತ ಪದವಿ ಕೊಡದ ಕಟ್ಟಳೆ 1978ರವರೆಗೂ ನಡೆದುಬಂದದ್ದು ಇನ್ನೂ ಕೆದಕಿದರೆ ನೋಯುವ ಗಾಯ.

ಹುಡುಗರನ್ನು ಇಷ್ಟೆಲ್ಲ ಕೇಳಿ ತಡವಿದರೆ ಅವರು ವಾದಕ್ಕಿಳಿಯುವುದಿಲ್ಲ. ಅವರ ಉತ್ತರ ಒಂದೇ: ಓದಿ, ಪ್ರಾರ್ಥಿಸಿ, ದೇವರನ್ನೇ ಕೇಳಿ. ಪುರಾವೆಯ ಹೊಣೆಯನ್ನು ನಾಜೂಕಾಗಿ ಕೇಳುವವನ ಹೆಗಲಿಗೇ ದಾಟಿಸುವ ಉತ್ತರ. ಆಂಧ್ರದ ಹುಡುಗನಿಗೆ ಚಿನ್ನದ ತಗಡುಗಳಿಗಿಂತ ಹತ್ತಿರವಾದದ್ದು ಬೇರೆ. ಗಂಡ-ಹೆಂಡಿರ, ತಾಯಿ-ಮಕ್ಕಳ ನಂಟು ಸಾವಿನ ಆಚೆಗೂ ಉಳಿಯುತ್ತದೆಂಬ ಮಾತು. ತೀರಿಹೋದ ಹಿರಿಯರ ಹೆಸರಿನಲ್ಲಿ ಬದುಕಿರುವವರು ದೀಕ್ಷಾಸ್ನಾನ ಪಡೆಯುವ ಪದ್ಧತಿಯೂ ಇವರಲ್ಲಿದೆ. ಅದಕ್ಕಾಗಿ ವಂಶಾವಳಿ ಹುಡುಕುತ್ತಾರೆ. ಪಿತೃಪಕ್ಷ ಮಾಡುವ ನಾಡಿಗೆ ಇದು ತೀರಾ ಪರಕೀಯವಾಗಿ ಕಾಣಲಾರದು.

ಬಾಕ್ಸ್: ಹೈದರಾಬಾದಿನಿಂದ ಹೊಸ ಅಧ್ಯಾಯ
*ಹೈದರಾಬಾದ್ ಮೂಲದ ಕೀಟವಿಜ್ಞಾನಿ ಎಡ್ವಿನ್ ಧರ್ಮರಾಜು ಮತ್ತು ಪತ್ನಿ ಎಲ್ಸಿ ಪೆಸಿಫಿಕ್‌ನ ಸಮೋವಾದಲ್ಲಿದ್ದಾಗ ಈ ಸಭೆ ಸೇರಿದರು. 1978ರ ಡಿಸೆಂಬರ್‌ನಲ್ಲಿ ಊರಿಗೆ ಬಂದು ಬಂಧುಬಳಗದ 22 ಮಂದಿಗೆ ದೀಕ್ಷಾಸ್ನಾನ ಮಾಡಿಸಿದರು. ಎಲ್ಸಿಯ ತಂದೆ ಬ್ಯಾಪ್ಟಿಸ್ಟ್ ಪಾದ್ರಿ, ಮಾರ್ಮನ್ ಗ್ರಂಥವನ್ನು ತೆಲುಗಿಗೆ ತಂದವರು ಅವರೇ. 1993ರಲ್ಲಿ ಬೆಂಗಳೂರು ಕೇಂದ್ರವಾಗಿ ಭಾರತದ ಮೊದಲ ಮಿಷನ್ ಶುರುವಾಯಿತು. ಅದರ ಮೊದಲ ಅಧ್ಯಕ್ಷ ಪಂಜಾಬಿನ ಸಿಖ್ ಮನೆತನದಲ್ಲಿ ಹುಟ್ಟಿದ ಗಣಿತದ ಪ್ರಾಧ್ಯಾಪಕ ಗುರುಚರಣ್ ಸಿಂಗ್ ಗಿಲ್. ದೆಹಲಿ ಮಿಷನ್ 2007ರದು. ದೇಶದಲ್ಲಿ ಈಗ ಸದಸ್ಯರು 15 ಸಾವಿರದ ಆಸುಪಾಸು. ಹೆಚ್ಚಿನವರು ತೆಲುಗು ನಾಡಿನವರು.*

ಬಾಗಿಲು ತಟ್ಟದ ಪ್ರಚಾರ

ಅಮೆರಿಕದ ಸಿನಿಮಾಗಳಲ್ಲಿ ಕಾಣುವ, ಸೈಕಲ್ಲಿನಲ್ಲಿ ಬಂದು ಮನೆಮನೆಯ ಬೆಲ್ ಒತ್ತುವ ಮಾರ್ಮನ್ ಹುಡುಗರು ಭಾರತದಲ್ಲಿ ಕಾಣುವುದಿಲ್ಲ. ವಿದೇಶಿ ಮಿಷನರಿಗಳಿಗೆ ವೀಸಾ ಸಿಗುವುದು ಕಷ್ಟ, ಹಾಗಾಗಿ ಇಲ್ಲಿ ತಿರುಗುವವರು ಬಹುತೇಕ ಭಾರತೀಯರೇ. ಸದಸ್ಯರು ಪರಿಚಯಿಸಿದವರ, ತಾವಾಗಿ ಕೇಳಿದವರ ಮನೆಗೆ ಮಾತ್ರ ಹೋಗುತ್ತಾರೆ. ಧರ್ಮ ಪ್ರಚಾರದ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲೇ ಹೇಳಿದೆ. ಕರ್ನಾಟಕದ 2022ರ ಕಾಯ್ದೆಯ ಸುತ್ತ ಎದ್ದ ಗದ್ದಲ ನಮಗೆ ಗೊತ್ತೇ ಇದೆ. ‘ಮಿಷನರಿ’ ಎಂಬ ಪದ ಕೇಳಿದೊಡನೆ ಹುಬ್ಬು ಗಂಟಿಕ್ಕುವ ಕಾಲದಲ್ಲಿ, ಎದೆಯ ಮೇಲೆ ಅದನ್ನೇ ಸಾರುವ ಪಟ್ಟಿ ಹಚ್ಚಿಕೊಂಡು ಪುಣೆಯ ಬಸ್ಸಿನಲ್ಲಿ ನಿಲ್ಲುವುದಕ್ಕೆ ಧೈರ್ಯ ಬೇಕು. ಅಥವಾ ಇಪ್ಪತ್ತರ ಹುಂಬತನ.

ಆದ್ದರಿಂದ ದಿನದ ಬಹುಪಾಲು ಸರಿಯುವುದು ಕಾಯುವುದರಲ್ಲಿ. ಮೂರು ಗಂಟೆಗೆ ಬನ್ನಿ ಅಂದವರು ಮನೆಯಲ್ಲಿಲ್ಲ. ಓದುತ್ತೇನೆ ಎಂದು ಪುಸ್ತಕ ಪಡೆದವರು ಫೋನ್ ಎತ್ತುವುದಿಲ್ಲ. ಇಂಗ್ಲಿಷ್ ಮಾತಾಡಿ ರೂಢಿಯಾಗಲಿ ಎಂದಷ್ಟೇ ಕರೆಸಿಕೊಳ್ಳುವವರೂ ಉಂಟು. "ನೂರು ಸಲ ಇಲ್ಲ ಅನ್ನಿಸಿಕೊಂಡ ಮೇಲೆ ಇಂಟರ್‌ವ್ಯೂ ಭಯ ಹೋಗ್ಬಿಡತ್ತೆ ಸರ್" ಎಂಬುದು ಬೆಂಗಳೂರಿನ ಹುಡುಗನ ಲಾಭದ ಲೆಕ್ಕ. ಅವನ ಮಟ್ಟಿಗೆ ಅದು ಸುಳ್ಳಲ್ಲ. ಮಿಷನ್‌ಗೆ ಬರುವ ಮುಂಚೆ ಅಂಗಡಿಯವನ ಹತ್ತಿರ ಚಿಲ್ಲರೆ ಕೇಳಲೂ ನಾಚುತ್ತಿದ್ದನಂತೆ.

ನಾಣ್ಯದ ಇನ್ನೊಂದು ಮುಖವನ್ನೂ ಹೇಳಬೇಕು. ಹುಡುಗರಿಗೆ ಇದು ‘ಕರ್ತವ್ಯ’ವಾದ್ದರಿಂದ ಹೋಗದವನತ್ತ ಸಮುದಾಯ ಓರೆನೋಟ ಬೀರುತ್ತದೆ. ಕಾಯಿಲೆಯಿಂದಲೋ ಮನಸ್ಸು ಕುಗ್ಗಿಯೋ ನಡುವೆಯೇ ಮರಳಿದವನಿಗೆ ಆ ಮುಜುಗರ ಬಹುಕಾಲ ಕಾಡುತ್ತದೆ. ಹದಿನೆಂಟರಲ್ಲಿ ಕೊಟ್ಟ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವಂತದ್ದು ಎಂದು ಕೇಳದೆ ಇರಲು ನನಗಾಗುವುದಿಲ್ಲ. ಉಪನಯನದ ವಟುವನ್ನು, ಎಂಟರ ಬಾಲಸನ್ಯಾಸಿಯನ್ನು ಕಂಡು ಸುಮ್ಮನಿರುವ ನಾವು ಇದನ್ನು ಅವರೊಬ್ಬರಿಗೇ ಕೇಳುವುದೂ ಸರಿಯಲ್ಲ.

ಪಟ್ಟಿ ತೆಗೆದ ಮೇಲೆ

ಎರಡು ವರ್ಷ ಮುಗಿಸಿ ಊರಿಗೆ ಮರಳಿದ ಮಿಷನರಿ ಸ್ಥಳೀಯ ನಾಯಕರನ್ನು ಕಾಣುತ್ತಾನೆ. ಅವರು ಅವನನ್ನು ಕರ್ತವ್ಯದಿಂದ ಬಿಡುಗಡೆ ಮಾಡುತ್ತಾರೆ. ಈ ಸಭೆಯಲ್ಲಿ ಸಂಬಳದ ಪಾದ್ರಿಗಳಿಲ್ಲ, ಆ ನಾಯಕರು ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ದುಡಿಯುವವರು. ಕಪ್ಪು ಪಟ್ಟಿ ಕಳಚುತ್ತದೆ. ಅವತ್ತೇ ಹುಡುಗ ಒಬ್ಬನೇ ಬೀದಿಗೆ ಹೋಗಬಹುದು, ಸಿನಿಮಾ ನೋಡಬಹುದು, ಹುಡುಗಿಯ ಜೊತೆ ಮಾತಾಡಬಹುದು. ಕಾಫಿ ಮಾತ್ರ ಆಗಲೂ ಇಲ್ಲ.

ಆಮೇಲೆ ಓದು, ಕೆಲಸ, ಮದುವೆ. ಮದುವೆ ಸಭೆಯೊಳಗೇ ಆದರೆ ಚೆನ್ನ ಎಂಬುದು ಎಲ್ಲರ ಆಸೆ. ಆದರೆ ಇಡೀ ದೇಶದಲ್ಲಿ ಹದಿನೈದು ಸಾವಿರ ಜನ, ಅವರಲ್ಲೂ ಹತ್ತಾರು ಭಾಷೆ. ತೆಲುಗು ಹುಡುಗನಿಗೆ ತಮಿಳು ವಧು, ಕನ್ನಡದ ಹುಡುಗಿಗೆ ದೆಹಲಿಯ ವರ ಒದಗುವುದು ಹೀಗೆ. ಭಾನುವಾರದ ಆರಾಧನೆಗೆ ಯಾರು ಬೇಕಾದರೂ ಹೋಗಬಹುದು. ಆದರೆ ಸಾವಿನಾಚೆಗೂ ಉಳಿಯುವ ಮದುವೆಯ ಮುದ್ರೆ ಬೀಳುವುದು ಮಂದಿರದಲ್ಲಿ ಮಾತ್ರ. ಪ್ರತಿಷ್ಠೆಯಾದ ಮಂದಿರದೊಳಗೆ ಅರ್ಹತೆಯ ಚೀಟಿ ಪಡೆದ ಸದಸ್ಯರಿಗಷ್ಟೇ ಪ್ರವೇಶ. ಇಲ್ಲಿ ಮಂದಿರವಿಲ್ಲದ ಕಾಲದಲ್ಲಿ ಭಾರತದ ಜೋಡಿಗಳು ಅದಕ್ಕಾಗಿ ಹಾಂಗ್‌ಕಾಂಗ್‌ನಂಥ ದೂರದ ಊರಿಗೆ ವಿಮಾನ ಹತ್ತಬೇಕಿತ್ತು. ಸಾಲ ಮಾಡಿದವರೂ ಇದ್ದರು, ವರ್ಷಗಟ್ಟಲೆ ಮುಂದೂಡಿದವರೂ ಇದ್ದರು. ಬೆಂಗಳೂರಿಗೆ ಮಂದಿರ ಸಿಕ್ಕಿದ್ದನ್ನು ಈ ಹುಡುಗರು ಸಂಭ್ರಮದಿಂದ ಹೇಳಿಕೊಳ್ಳುವುದರ ಹಿಂದೆ ಭಕ್ತಿಯ ಜೊತೆ ಈ ಲೆಕ್ಕವೂ ಇದೆ. ಅದರ ಬಾಗಿಲು ತೆರೆದ ಮೇಲೆ ಪುಣೆಯ ಸದಸ್ಯರಿಗೆ ಪಾಸ್‌ಪೋರ್ಟ್ ಬೇಡ, ಉದ್ಯಾನ್ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಟಿಕೆಟ್ ಸಾಕು.